ಕುಲದ ಹೆಸರೇ ಶೈಲಿಯ ಹೆಸರಾದಾಗ: ನೀಲಗಾರ, ದೇವರಗುಡ್ಡ, ಕಂಸಾಳೆ ಎಂಬ ಗುರುತುಪದಗಳ ಚರಿತ್ರೆ ಮತ್ತು ರಾಕ್ ಅಂಡ್ ರೋಲ್ ಕಲಿಸುವ ಪಾಠ

1. ಪೀಠಿಕೆ

ಒಂದು ಹಾಡಿಕೆಯನ್ನು ಕೇಳಿದೊಡನೆ ಅದು ‘ಇಂಥವರ ಹಾಡು’ ಎಂದು ಹೇಳುವುದು ಸುಲಭ. ಹಾಗೆ ಹೇಳುವಾಗ ನಾವು ಹಾಡಿನ ಲಕ್ಷಣವನ್ನು ವಿವರಿಸುತ್ತಿದ್ದೇವೆಯೇ ಅಥವಾ ಹಾಡುವವರ ಹುಟ್ಟನ್ನು ಹೆಸರಿಸುತ್ತಿದ್ದೇವೆಯೇ ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಲ್ಲ. ಸಮುದಾಯವನ್ನೂ ಸಂಗೀತಶೈಲಿಯನ್ನೂ ಒಟ್ಟಿಗೆ ಸೂಚಿಸುವಂತೆ ತೋರುವ ಪದಗಳನ್ನು ಈ ಲೇಖನದಲ್ಲಿ ಗುರುತುಪದಗಳೆಂದು ಕರೆಯುತ್ತೇವೆ. ಮಂಡ್ಯ ಜಿಲ್ಲೆಯ ಮದ್ದೂರು ಮತ್ತು ಮಳವಳ್ಳಿ ಸೀಮೆಯಲ್ಲಿ ಬಳಕೆಯಲ್ಲಿರುವ ನೀಲಗಾರ, ದೇವರಗುಡ್ಡ, ಕಂಸಾಳೆಯವರು, ತಂಬೂರಿಯವರು ಎಂಬ ಪದಗಳು ನಮ್ಮ ಮುಖ್ಯ ಸಾಮಗ್ರಿ. ಇವುಗಳ ಚರಿತ್ರೆಯನ್ನು ಇಪ್ಪತ್ತನೆಯ ಶತಮಾನದ ಅಮೆರಿಕದ ಧ್ವನಿಮುದ್ರಣೋದ್ಯಮವು ಬಳಸಿದ ಜನಾಂಗಸೂಚಕ ಪದಗಳ ಚರಿತ್ರೆಯೊಡನೆ ಹೋಲಿಸುವುದು ನಮ್ಮ ವಿಧಾನ.

ನಮ್ಮ ವಾದವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬಹುದು. ನೀಲಗಾರ, ದೇವರಗುಡ್ಡ ಎಂಬ ಪದಗಳು ಮೂಲತಃ ಜಾತಿಯನ್ನಾಗಲಿ ಗಾಯನಶೈಲಿಯನ್ನಾಗಲಿ ಹೆಸರಿಸುವುದಿಲ್ಲ; ಅವು ಒಂದು ಗುರುಸಂಬಂಧವನ್ನು ಹೆಸರಿಸುತ್ತವೆ. ಅವನ್ನು ಜಾತಿಯ ಹೆಸರುಗಳೆಂದೂ ಬಳಿಕ ಕಲಾಪ್ರಕಾರದ ಹೆಸರುಗಳೆಂದೂ ಓದುವ ಅಭ್ಯಾಸ ಈಚಿನದು. ಈ ಅಭ್ಯಾಸದ ಹೊಣೆಯನ್ನು ಮಾರುಕಟ್ಟೆಯೂ ಸರ್ಕಾರವೂ ಮಾತ್ರವಲ್ಲದೆ ನಮ್ಮ ಶಾಸ್ತ್ರವೂ ಹೊರಬೇಕಾಗುತ್ತದೆ.

2. ಅಮೆರಿಕದ ಕ್ಯಾಟಲಾಗುಗಳು

1920ರಲ್ಲಿ ಓಕೆ ಎಂಬ ಧ್ವನಿಮುದ್ರಣ ಸಂಸ್ಥೆ ಕಪ್ಪುವರ್ಣೀಯ ಗಾಯಕಿ ಮೇಮಿ ಸ್ಮಿತ್ ಅವರ ‘ಕ್ರೇಜಿ ಬ್ಲೂಸ್’ ಗೀತೆಯನ್ನು ಮುದ್ರಿಸಿತು. ಅದರ ಯಶಸ್ಸಿನಿಂದ ಕಪ್ಪುವರ್ಣೀಯ ಗ್ರಾಹಕರ ಮಾರುಕಟ್ಟೆಯೊಂದಿದೆ ಎಂಬುದು ಸಂಸ್ಥೆಗಳಿಗೆ ಮನವರಿಕೆಯಾಯಿತು. ಕೆಲವೇ ವರ್ಷಗಳಲ್ಲಿ ‘ರೇಸ್ ರೆಕಾರ್ಡ್ಸ್’ ಎಂಬ ಪ್ರತ್ಯೇಕ ಶ್ರೇಣಿಗಳು ಹುಟ್ಟಿಕೊಂಡವು. ಕೊಲಂಬಿಯ ಸಂಸ್ಥೆ ಕಪ್ಪುವರ್ಣೀಯರ ಧ್ವನಿಮುದ್ರಿಕೆಗಳಿಗೆ 14000ದಿಂದಲೂ ದಕ್ಷಿಣದ ಬಿಳಿಯರ ಗ್ರಾಮೀಣ ಸಂಗೀತಕ್ಕೆ 15000ದಿಂದಲೂ ಸಂಖ್ಯೆ ಕೊಟ್ಟಿತು. ಹೀಗೆ ಧ್ವನಿಮುದ್ರಿಕೆಯ ಸಂಖ್ಯೆಯೇ ಹಾಡುವವರ ಬಣ್ಣವನ್ನು ಹೇಳತೊಡಗಿತು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದಾಗಿ, ‘ರೇಸ್’ ಎಂಬ ಪದ ಅಂದಿನ ಕಪ್ಪುವರ್ಣೀಯರ ಪತ್ರಿಕೆಗಳಲ್ಲಿ ಸ್ವಾಭಿಮಾನದ ಪದವಾಗಿತ್ತು. ವ್ಯಾಪಾರಿಗಳು ಅದನ್ನು ಅಲ್ಲಿಂದಲೇ ಎತ್ತಿಕೊಂಡರು. ಹೊಗಳಿಕೆಯೋ ತೆಗಳಿಕೆಯೋ ಎಂಬುದು ಪದದೊಳಗೆ ಇರುವುದಿಲ್ಲ, ಅದನ್ನು ಯಾರು ಯಾರ ಮೇಲೆ ಹಚ್ಚುತ್ತಾರೆ ಎಂಬುದರಲ್ಲಿ ಇರುತ್ತದೆ. ಎರಡನೆಯದಾಗಿ, ಶ್ರೇಣಿಗಳು ಬೇರೆಯಾದವೇ ಹೊರತು ಸಂಗೀತ ಹಾಗೆ ಬೇರೆಯಾಗಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರೂ ಕಪ್ಪುವರ್ಣೀಯರೂ ಎಷ್ಟೋ ಹಾಡುಗಳನ್ನೂ ವಾದ್ಯಗಳನ್ನೂ ಹಂಚಿಕೊಂಡಿದ್ದರು. ಕಾರ್ಲ್ ಹ್ಯಾಗ್‌ಸ್ಟ್ರಾಮ್ ಮಿಲ್ಲರ್ ಅವರು 2010ರ ತಮ್ಮ ಗ್ರಂಥದಲ್ಲಿ, ಈ ವಿಭಜನೆಯನ್ನು ಉದ್ಯಮವೂ ಜಾನಪದ ವಿದ್ವತ್ತೂ ಜೊತೆಗೂಡಿ ಕಟ್ಟಿದವು ಎಂದು ವಾದಿಸಿದ್ದಾರೆ.

ಮುಂದಿನ ಹಂತಗಳನ್ನು ‘ಬಿಲ್‌ಬೋರ್ಡ್’ ವ್ಯಾಪಾರಪತ್ರಿಕೆಯ ಪಟ್ಟಿಗಳಲ್ಲಿ ಕಾಣಬಹುದು. 1942ರಲ್ಲಿ ಕಪ್ಪುವರ್ಣೀಯರ ಸಂಗೀತದ ಪಟ್ಟಿಗೆ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಹೆಸರಿತ್ತು. 1945ರಲ್ಲಿ ಅದು ‘ರೇಸ್’ ಆಯಿತು. 1949ರ ಜೂನ್‌ನಲ್ಲಿ ‘ರಿದಮ್ ಅಂಡ್ ಬ್ಲೂಸ್’ ಆಯಿತು. ಅದೇ ಪತ್ರಿಕೆ 1944ರಲ್ಲಿ ಬಿಳಿಯರ ಗ್ರಾಮೀಣ ಸಂಗೀತಕ್ಕೆ ಕೊಟ್ಟಿದ್ದ ಹೆಸರು ‘ಫೋಕ್’. 1949ರಲ್ಲಿ ಆ ಜಾಗಕ್ಕೆ ‘ಕಂಟ್ರಿ ಅಂಡ್ ವೆಸ್ಟರ್ನ್’ ಬಂದಿತು. ಮನುಷ್ಯರ ಹೆಸರು ಊರಿನ ಹೆಸರಾಗಿ, ಲಯದ ಹೆಸರಾಗಿ, ಭೂಪ್ರದೇಶದ ಹೆಸರಾಗಿ ಬದಲಾಯಿತು. ಪಟ್ಟಿಗಳು ಮಾತ್ರ ಎರಡಾಗಿಯೇ ಉಳಿದವು.

ಇದೇ ಬೇರ್ಪಡಿಕೆಯ ಗಡಿಯ ಮೇಲೆ ರಾಕ್ ಅಂಡ್ ರೋಲ್ ರೂಪುಗೊಂಡಿತು. 1950ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ನಗರದ ಬಾನುಲಿ ನಿರೂಪಕ ಅಲನ್ ಫ್ರೀಡ್ ಕಪ್ಪುವರ್ಣೀಯರ ರಿದಮ್ ಅಂಡ್ ಬ್ಲೂಸ್ ಹಾಡುಗಳನ್ನು ‘ರಾಕ್ ಅಂಡ್ ರೋಲ್’ ಎಂಬ ಹೆಸರಿನಿಂದ ಮಿಶ್ರ ಶ್ರೋತೃವರ್ಗಕ್ಕೆ ತಲುಪಿಸಿದರು. 1954ರಲ್ಲಿ ಎಲ್ವಿಸ್ ಪ್ರೀಸ್ಲಿಯವರ ಮೊದಲ ಸನ್ ಧ್ವನಿಮುದ್ರಿಕೆಯ ಒಂದು ಮಗ್ಗುಲಲ್ಲಿ ಕಪ್ಪುವರ್ಣೀಯ ಗಾಯಕ ಆರ್ಥರ್ ಕ್ರುಡಪ್ ಅವರ ಬ್ಲೂಸ್ ಗೀತೆ, ಇನ್ನೊಂದು ಮಗ್ಗುಲಲ್ಲಿ ಬಿಳಿಯ ಗಾಯಕ ಬಿಲ್ ಮನ್ರೋ ಅವರ ಗೀತೆ ಇದ್ದವು. 1955ರಲ್ಲಿ ಕಪ್ಪುವರ್ಣೀಯ ಗಾಯಕ ಚಕ್ ಬೆರ್ರಿ ‘ಐಡಾ ರೆಡ್’ ಎಂಬ ಹಳೆಯ ಕಂಟ್ರಿ ಹಾಡಿನ ಜಾಡಿನಲ್ಲಿ ‘ಮೇಬೆಲೀನ್’ ಕಟ್ಟಿದರು. ಹಾಡಿನ ವಂಶಾವಳಿ ಯಾವುದೇ ಇರಲಿ, ಅದು ಮೊದಲ ಸ್ಥಾನಕ್ಕೇರಿದ್ದು ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ. ಅತ್ತ, ಬಿಳಿಯ ಯುವಕರು ಹಾಡಿದ ರಾಕ್ ಅಂಡ್ ರೋಲ್‌ಗೆ ‘ರಾಕಬಿಲ್ಲಿ’ ಎಂಬ ಬೆಸುಗೆಪದ ಹುಟ್ಟಿತು. ಅದರ ಉತ್ತರಾರ್ಧದಲ್ಲಿ ‘ಹಿಲ್‌ಬಿಲ್ಲಿ’ ಎಂಬ, ಗುಡ್ಡಗಾಡಿನ ಬಿಳಿಯರನ್ನು ಹಳಿಯುವ ಪದದ ತುಣುಕು ಉಳಿದುಕೊಂಡಿದೆ. ಲಯ ಒಂದೇ ಆದರೂ ಹೆಸರಿನಲ್ಲಿ ಕುಲದ ಅವಶೇಷ ಇದ್ದೇ ಇತ್ತು.

3. ನಿಡಘಟ್ಟದಿಂದ ಚಿಕ್ಕಲ್ಲೂರಿನವರೆಗೆ

ನಮ್ಮ ಸೀಮೆಯ ಗುರುತುಪದಗಳು ಬದುಕಿರುವ ಭೂಗೋಳವನ್ನು ಮೊದಲು ಗುರುತಿಸಿಕೊಳ್ಳೋಣ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಬರುವಾಗ ಮದ್ದೂರು ತಾಲ್ಲೂಕಿನ ನಿಡಘಟ್ಟ ಎದುರಾಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ 118 ಕಿಲೋಮೀಟರ್ ಉದ್ದದ ಹೆದ್ದಾರಿಯ ಕಾಮಗಾರಿಯನ್ನು ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಎಂಬ ಎರಡು ಭಾಗಗಳಾಗಿ ಹಂಚಲಾಗಿತ್ತು. ಗುತ್ತಿಗೆಯ ಅನುಕೂಲಕ್ಕಾಗಿ ಎಳೆದ ಗೆರೆ ದಿನಪತ್ರಿಕೆಗಳ ಬಳಕೆಯಲ್ಲಿ ಭೂಗೋಳದ ಗೆರೆಯಂತೆಯೇ ನೆಲೆಯೂರಿತು. ವರ್ಗೀಕರಣದ ಗೆರೆಗಳು ಹೀಗೆಯೇ ಸಹಜವೆನಿಸಿಬಿಡುತ್ತವೆ ಎಂಬುದಕ್ಕೆ ಇದು ಕಣ್ಣೆದುರಿನ ನಿದರ್ಶನ.

ನಿಡಘಟ್ಟದಿಂದ ಮದ್ದೂರು, ಮಳವಳ್ಳಿಗಳನ್ನು ಹಾದು ಕಾವೇರಿಯನ್ನು ದಾಟಿ ಕೊಳ್ಳೇಗಾಲದತ್ತ ಸಾಗುವ ಪ್ರದೇಶ ಎರಡು ದೊಡ್ಡ ಮೌಖಿಕ ಪರಂಪರೆಗಳ ನೆಲ. ಮೊದಲನೆಯದು ಮಂಟೇಸ್ವಾಮಿ ಪರಂಪರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ಶಿಷ್ಯ ಸಿದ್ದಪ್ಪಾಜಿಯ ನೆಲೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿದೆ, ರಾಚಪ್ಪಾಜಿಯದು ಮೈಸೂರು ಜಿಲ್ಲೆಯ ಕಪ್ಪಡಿಯಲ್ಲಿದೆ. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಿದ ಪಾಂಚಾಳರ ಹಲಗೂರು ಸಹ ಮಳವಳ್ಳಿ ತಾಲ್ಲೂಕಿನದೇ. ಈ ಕಾವ್ಯವನ್ನು ತಂಬೂರಿ, ಡಕ್ಕೆ, ಗಗ್ಗರ, ತಾಳಗಳೊಡನೆ ಹಾಡುವವರು ನೀಲಗಾರರು. ಎರಡನೆಯದು ಮಲೆಯ ಮಾದೇಶ್ವರ ಪರಂಪರೆ. ಮಾದೇಶ್ವರನ ಕಾವ್ಯವನ್ನು ಕಂಸಾಳೆಯೊಡನೆ ಹಾಡುವವರು ದೇವರಗುಡ್ಡರು.

ಈ ಎರಡೂ ಪದಗಳನ್ನು ಇಂದಿನ ಪರಿಚಯಬರಹಗಳು ವಿವರಿಸುವ ರೀತಿ ಬಹುಮಟ್ಟಿಗೆ ಒಂದೇ: ನೀಲಗಾರರೆಂದರೆ ದಲಿತ ಗಾಯಕರು, ದೇವರಗುಡ್ಡರೆಂದರೆ ಹಾಲುಮತದ ಗಾಯಕರು. ಸಂಖ್ಯೆಯ ದೃಷ್ಟಿಯಿಂದ ಈ ಮಾತು ತಪ್ಪಲ್ಲ. ನೀಲಗಾರರಲ್ಲಿ ದಲಿತರೂ ದೇವರಗುಡ್ಡರಲ್ಲಿ ಕುರುಬರೂ ಪ್ರಧಾನವಾಗಿದ್ದಾರೆ. ಆದರೆ ಎರಡೂ ಪರಂಪರೆಗಳಲ್ಲಿ ಬೇರೆ ಬೇರೆ ಸಮುದಾಯಗಳ ಒಕ್ಕಲಿನವರು ದೀಕ್ಷೆ ಪಡೆದಿದ್ದಾರೆ. ಕುರುಬರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ದೇವರಗುಡ್ಡರಾಗುವುದಿಲ್ಲ. ಹರಕೆ ಹೊತ್ತ ಮನೆಯ ಮಗನಿಗೆ ಮಾದೇಶ್ವರ ಬೆಟ್ಟದ ಸಾಲೂರು ಮಠದ ಗುರುವಿನಿಂದ ದೀಕ್ಷೆಯಾಗಬೇಕು. ದೀಕ್ಷೆಯಾದವನಿಗೆ ಹಾಡುವ ಹಕ್ಕು ಬರುತ್ತದೆ, ಕೋರಣ್ಯಕ್ಕೆ ಹೋಗುವ ಹೊಣೆಯೂ ಬರುತ್ತದೆ. ಪದ ಹೆಸರಿಸುವುದು ಈ ಹಕ್ಕನ್ನೂ ಹೊಣೆಯನ್ನೂ.

ಶೈಲಿಯ ದೃಷ್ಟಿಯಿಂದ ನೋಡಿದರೂ ಕುಲವನ್ನು ಶೈಲಿಗೆ ಸಮೀಕರಿಸುವುದು ನಿಲ್ಲುವುದಿಲ್ಲ. ಎರಡೂ ಪರಂಪರೆಗಳಲ್ಲಿ ಮುಖ್ಯಗಾಯಕನೊಬ್ಬ ಕಥೆಯನ್ನು ಮುನ್ನಡೆಸುತ್ತಾನೆ, ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ; ಗದ್ಯದ ಮಾತೂ ಹಾಡೂ ಒಂದಾದ ಮೇಲೊಂದು ಬರುತ್ತವೆ; ಕಥೆ ರಾತ್ರಿಯಿಡೀ ನಡೆಯುತ್ತದೆ. ವಾದ್ಯವೂ ದೈವವೂ ಬೇರೆ. ಕಥನದ ಕಟ್ಟಡ ಮಾತ್ರ ಹಂಚಿಕೊಂಡದ್ದು.

4. ‘ಯಾರ ಗುಡ್ಡ?’: ಪದರಚನೆಯ ಸಾಕ್ಷ್ಯ

ಈ ಚರಿತ್ರೆಗೆ ಭಾಷಾವಿಜ್ಞಾನವು ಒದಗಿಸಬಹುದಾದ ಸಾಕ್ಷ್ಯ ಪದಗಳ ರಚನೆಯಲ್ಲಿಯೇ ಇದೆ. ‘ಗುಡ್ಡ’ ಎಂಬ ಪದಕ್ಕೆ ಇಂದಿನ ಕನ್ನಡದಲ್ಲಿ ಬೆಟ್ಟವೆಂಬ ಅರ್ಥವೇ ಪ್ರಸಿದ್ಧ. ಆದರೆ ಶ್ರವಣಬೆಳಗೊಳದ ಜೈನ ಶಾಸನಗಳಲ್ಲಿ ‘ಗುಡ್ಡ’ ಎಂದರೆ ಗೃಹಸ್ಥ ಶಿಷ್ಯ. ಆ ಶಾಸನಗಳಲ್ಲಿ ಪದ ಒಂಟಿಯಾಗಿ ನಿಲ್ಲುವುದಕ್ಕಿಂತ ಹೆಚ್ಚಾಗಿ ಇಂಥ ಆಚಾರ್ಯರ ಗುಡ್ಡ ಎಂದು ಷಷ್ಠೀವಿಭಕ್ತಿಯ ಪದವೊಂದನ್ನು ಬೆನ್ನಿಗಿಟ್ಟುಕೊಂಡು ಬರುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಶುಭಚಂದ್ರ ಸಿದ್ಧಾಂತದೇವರ ಗುಡ್ಡನಾಗಿದ್ದನು. ‘ದೇವರ ಗುಡ್ಡ’ ಎಂಬಲ್ಲಿ ಇರುವುದು ಇದೇ ವಾಕ್ಯಬಂಧ. ಜೈನ ಬಸದಿಯ ಪರಿಸರದಲ್ಲಿ ಬಳಕೆಯಲ್ಲಿದ್ದ ಸಂಬಂಧವಾಚಿಯೊಂದು ಶೈವ ಒಕ್ಕಲಿನಲ್ಲಿ ಜೀವಂತವಾಗಿದೆ. ಮತ ಬೇರೆ, ಆದರೆ ವ್ಯಾಕರಣ ಅದೇ.

ಇದರಿಂದ ಒಂದು ಸರಳ ಪರೀಕ್ಷೆ ದೊರೆಯುತ್ತದೆ. ಜಾತಿವಾಚಿಯಾದ ನಾಮಪದಕ್ಕೆ ಷಷ್ಠಿಯ ಅಪೇಕ್ಷೆಯಿಲ್ಲ. ‘ಅವನು ಕುರುಬ’ ಎಂದ ಮೇಲೆ ‘ಯಾರ ಕುರುಬ?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಶಿಷ್ಯ, ಮಗ, ಒಕ್ಕಲು ಮೊದಲಾದ ಸಂಬಂಧವಾಚಿಗಳಿಗೆ ಆ ಅಪೇಕ್ಷೆಯಿದೆ. ಶಿಷ್ಯನೆಂಬ ಅರ್ಥದ ‘ಗುಡ್ಡ’ ಎರಡನೆಯ ವರ್ಗಕ್ಕೆ ಸೇರುತ್ತದೆ. ಆದ್ದರಿಂದ ‘ದೇವರಗುಡ್ಡ’ ಎಂಬ ಸಮಾಸವನ್ನು ಜಾತಿನಾಮವೆಂದು ಓದುವಾಗ ನಾವು ಅದರೊಳಗಿನ ‘ಯಾರ?’ ಎಂಬ ಪ್ರಶ್ನೆಯನ್ನು ಅಳಿಸುತ್ತಿರುತ್ತೇವೆ.

‘ನೀಲಗಾರ’ ಪದದ ದಾರಿ ಬೇರೆ. ಅದರಲ್ಲಿರುವ -ಗಾರ ಎಂಬುದು ಬಳೆಗಾರ, ಹಾಡುಗಾರ, ಮಾಲೆಗಾರಗಳಲ್ಲಿರುವ ತದ್ಧಿತ ಪ್ರತ್ಯಯ. ಅದು ಹುಟ್ಟನ್ನಲ್ಲ, ಕೈಗೊಂಡ ಕಾರ್ಯವನ್ನು ಸೂಚಿಸುತ್ತದೆ. ಪ್ರಕೃತಿಯಾದ ‘ನೀಲ’ ಯಾವ ಜಾತಿಯ ಹೆಸರೂ ಅಲ್ಲ, ಯಾವ ವಾದ್ಯದ ಹೆಸರೂ ಅಲ್ಲ, ಯಾವ ಮಟ್ಟಿನ ಹೆಸರೂ ಅಲ್ಲ. ಬಳಕೆಯಲ್ಲಿ ಇದೂ ಸಂಬಂಧವನ್ನು ಬೇಡುತ್ತದೆ: ‘ಸಿದ್ದಪ್ಪಾಜಿಯ ನೀಲಗಾರ’ ಎಂಬುದು ಸಹಜವಾದ ನುಡಿಗಟ್ಟು.

ಕ್ರಿಯಾಪದವೂ ಇದಕ್ಕೆ ಪೂರಕವಾಗಿದೆ. ಈ ಸೀಮೆಯಲ್ಲಿ ಮನೆಯವರು ನೀಲಗಾರರನ್ನು ಕರೆಸುವಾಗ ‘ಕತೆ ಮಾಡಿಸುತ್ತೇವೆ’ ಎನ್ನುತ್ತಾರೆ. ಮಾಡಿಸುವುದು ಕಥೆಯನ್ನು, ಸಂಗೀತಕ್ಕೆ ಪ್ರತ್ಯೇಕ ಹೆಸರಿನ ಅಗತ್ಯ ಅಲ್ಲಿಲ್ಲ. ಶೈಲಿಗೆ ಹೆಸರು ಬೇಕಾಗುವುದು ಹಾಡು ಮನೆಯಂಗಳವನ್ನು ಬಿಟ್ಟು, ಗುರುವನ್ನೂ ಹರಕೆಯನ್ನೂ ಅರಿಯದ ಕೇಳುಗರ ಬಳಿಗೆ ಹೊರಟಾಗ.

5. ವ್ಯಕ್ತಿಯಿಂದ ವಾದ್ಯಕ್ಕೆ, ವಾದ್ಯದಿಂದ ಜಾನಪದಕ್ಕೆ

ಹಾಗೆ ಹೊರಟಾಗ ನಡೆದ ಹೆಸರಿನ ಪಲ್ಲಟಗಳಲ್ಲಿ ಎರಡು ಹೆಜ್ಜೆಗಳನ್ನು ಗುರುತಿಸಬಹುದು.

ಮೊದಲ ಹೆಜ್ಜೆ ಲಕ್ಷಣೆಯದು. ಕಂಚಿನ ತಾಳವೆಂಬ ಅರ್ಥದ ‘ಕಾಂಸ್ಯತಾಳ’ದಿಂದ ಬಂದ ‘ಕಂಸಾಳೆ’ ಮೊದಲು ವಾದ್ಯದ ಹೆಸರು. ಅದು ‘ಕಂಸಾಳೆಯವರು’ ಎಂಬಲ್ಲಿ ಹಾಡುವವರ ಹೆಸರಾಯಿತು, ‘ಕಂಸಾಳೆ ನೃತ್ಯ’ ಎಂಬಲ್ಲಿ ಕಲಾಪ್ರಕಾರದ ಹೆಸರಾಯಿತು. ‘ತಂಬೂರಿ ಪದ’ ಸಹ ಹೀಗೆಯೇ. ವಾದ್ಯದ ಹೆಸರಿಗೆ ‘ಯಾರ?’ ಎಂಬ ಅಪೇಕ್ಷೆಯಿಲ್ಲ. ಯಾರು ಬೇಕಾದರೂ ವಾದ್ಯವನ್ನು ಹಿಡಿಯಬಹುದು. ದೀಕ್ಷೆಯಿಲ್ಲದ ಕಾಲೇಜು ವಿದ್ಯಾರ್ಥಿಗಳ ತಂಡ ವೇದಿಕೆಯ ಮೇಲೆ ಬೀಸು ಕಂಸಾಳೆಯನ್ನು ಪ್ರದರ್ಶಿಸಬಹುದು. ಕಲೆ ಹರಡಿತು, ದೀಕ್ಷೆಯ ಸೂಚನೆ ಕಳಚಿತು.

ಎರಡನೆಯ ಹೆಜ್ಜೆ ಸಾಮಾನ್ಯೀಕರಣದ್ದು. 1979ರಲ್ಲಿ ಎಚ್.ಎಲ್. ನಾಗೇಗೌಡರ ಮುಂದಾಳತ್ವದಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. 1980ರಲ್ಲಿ ಕರ್ನಾಟಕ ಜಾನಪದ ಮತ್ತು ಯಕ್ಷಗಾನ ಅಕಾಡೆಮಿ ಸ್ಥಾಪನೆಯಾಯಿತು. ಅದಕ್ಕೂ ಮುಂಚೆಯೇ, 1973ರಲ್ಲಿ, ಪಿ.ಕೆ. ರಾಜಶೇಖರ ಅವರು ಮಾದೇಶ್ವರ ಕಾವ್ಯದ ಸಂಗ್ರಹವನ್ನು ಪ್ರಕಟಿಸಿದ್ದರು. ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ದಕ್ಷಿಣ ಕರ್ನಾಟಕದ ಕಾವ್ಯಪ್ರಕಾರಗಳನ್ನು ವಿಂಗಡಿಸಿದರು. ನೀಲಗಾರ, ದೇವರಗುಡ್ಡ, ಗೊರವ, ಕಿನ್ನರಿಜೋಗಿ, ಹೆಳವ ಮೊದಲಾದವರೆಲ್ಲರೂ ‘ವೃತ್ತಿಗಾಯಕರು’ ಎಂಬ ಒಂದೇ ಶೀರ್ಷಿಕೆಯಡಿ ಬಂದರು. ಈ ದುಡಿಮೆಯಿಲ್ಲದಿದ್ದರೆ ಇಂದು ನಮ್ಮ ಕೈಯಲ್ಲಿ ಪಠ್ಯಗಳೇ ಇರುತ್ತಿರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೂ ‘ವೃತ್ತಿ’ ಎಂಬ ಪದ ದೀಕ್ಷೆಯನ್ನು ಕಸುಬಾಗಿ ಓದುತ್ತದೆ. ಹೆಳವರಂತೆ ಕುಲದಿಂದ ಬಂದ ಗಾಯಕರನ್ನೂ ದೀಕ್ಷೆಯಿಂದ ಬಂದ ಗಾಯಕರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಧ್ವನಿಸುರುಳಿಗಳು ಇನ್ನೊಂದು ಬಗೆಯ ಹೆಸರನ್ನು ಮುಂದಕ್ಕೆ ತಂದವು. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರು ಕ್ಯಾಸೆಟ್ಟುಗಳ ಮೂಲಕ ದಕ್ಷಿಣ ಕರ್ನಾಟಕದ ಮನೆಮಾತಾದಾಗ ಹೆಸರಿನ ಮುಂದೆ ನಿಂತದ್ದು ಗುರುವಿನ ಹೆಸರಲ್ಲ, ಊರಿನ ಹೆಸರು. ಸಿನಿಮಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2005ರಲ್ಲಿ ತೆರೆಕಂಡ, ಪ್ರೇಮ್ ನಿರ್ದೇಶನದ ‘ಜೋಗಿ’ ಚಿತ್ರದಲ್ಲಿ ಮಾದೇಶನೆಂಬ ಹಳ್ಳಿಯ ಹುಡುಗ ನಗರದ ಭೂಗತಲೋಕದಲ್ಲಿ ‘ಜೋಗಿ’ ಎಂಬ ಹೆಸರು ಪಡೆಯುತ್ತಾನೆ. ಭಿಕ್ಷಾಟನೆಯ ಗಾಯಕನನ್ನು ಸೂಚಿಸುತ್ತಿದ್ದ ಪದ ನಾಯಕನ ಬಿರುದಾಯಿತು.

ಅಮೆರಿಕದ ಪಟ್ಟಿಗಳೊಡನೆ ಹೋಲಿಸಿದಾಗ ಒಂದು ಸಾಮ್ಯವೂ ಒಂದು ವ್ಯತ್ಯಾಸವೂ ಕಾಣುತ್ತವೆ. ಅಲ್ಲಿಯೂ ಇಲ್ಲಿಯೂ ಹೆಸರು ಮನುಷ್ಯರಿಂದ ವಾದ್ಯ, ಲಯ, ಊರುಗಳ ಕಡೆಗೆ ಸರಿಯಿತು. ಆದರೆ ಅಮೆರಿಕದಲ್ಲಿ ಹೆಸರು ಬದಲಾದರೂ ಪಟ್ಟಿಗಳು ಬೇರೆಯಾಗಿಯೇ ಉಳಿದವು; ಇಲ್ಲಿ ಬೇರೆ ಬೇರೆ ಗುರುಮನೆಗಳ ಹಾಡುಗಳು ‘ಜಾನಪದ’ ಎಂಬ ಒಂದೇ ಪಟ್ಟಿಯೊಳಗೆ ಕರಗಿದವು. ಅಲ್ಲಿನದು ಬೇರ್ಪಡಿಸುವ ತಪ್ಪಾದರೆ ಇಲ್ಲಿನದು ಬೆರೆಸುವ ತಪ್ಪು.

ಇಲ್ಲಿ ನಷ್ಟವನ್ನು ಮಾತ್ರ ಎಣಿಸುವುದು ನ್ಯಾಯವಲ್ಲ. ‘ನೀಲಗಾರ’ ಎಂದು ಕರೆಸಿಕೊಳ್ಳುವಾಗ ಭಿಕ್ಷೆಯ ನೆರಳೂ ಜಾತಿಯ ನೆರಳೂ ಜೊತೆಗೆ ಬರುವ ಸಮಾಜದಲ್ಲಿ, ಯುವ ಗಾಯಕನೊಬ್ಬ ‘ಜಾನಪದ ಕಲಾವಿದ’ ಎಂಬ ಹೆಸರನ್ನು ಆರಿಸಿಕೊಳ್ಳುವುದು ಘನತೆಯ ಆಯ್ಕೆ. ‘ರೇಸ್’ ಬದಲಿಗೆ ‘ರಿದಮ್ ಅಂಡ್ ಬ್ಲೂಸ್’ ಬಂದಾಗಲೂ ಹೆಸರಿನ ಹೊರೆ ಅಷ್ಟರಮಟ್ಟಿಗೆ ಇಳಿದಿತ್ತು. ಆದರೆ ಹೊಸ ಹೆಸರಿನಡಿಯಲ್ಲಿ ಹಾಡು ಎಲ್ಲರದಾದಾಗ, ಅದನ್ನು ಕಾಪಾಡಿ ತಂದವರದು ಎಂದು ಹೇಳಲು ಪದವೇ ಉಳಿಯುವುದಿಲ್ಲ. ಘನತೆಯನ್ನು ಕೊಡುವ ಹೆಸರೇ ಹಕ್ಕನ್ನು ಮರೆಸುವುದು ಈ ಪಲ್ಲಟದ ಒಳಬಿಕ್ಕಟ್ಟು. ಇದಕ್ಕೆ ಒಂದು ಉತ್ತರವೂ ನಮ್ಮಲ್ಲಿದೆ: ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿದಾಗ ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಹೆಸರನ್ನು ಕೃತಿಯ ಜೊತೆಗೇ ಉಳಿಸಲಾಗಿದೆ.

6. ನಮ್ಮದೇ ಕ್ಯಾಟಲಾಗು

ಮಾರುಕಟ್ಟೆಯ ಪಟ್ಟಿಗಳನ್ನು ವಿಮರ್ಶಿಸುವ ಭಾಷಾವಿಜ್ಞಾನಕ್ಕೆ ತನ್ನದೇ ಪಟ್ಟಿಯೊಂದಿದೆ. 1960ರ ದಶಕದಲ್ಲಿ ವಿಲಿಯಂ ಬ್ರೈಟ್, ಎ.ಕೆ. ರಾಮಾನುಜನ್, ವಿಲಿಯಂ ಮೆಕಾರ್ಮಕ್ ಮೊದಲಾದವರು ಕನ್ನಡ, ತಮಿಳುಗಳ ಸಾಮಾಜಿಕ ಉಪಭಾಷೆಗಳನ್ನು ಜಾತಿಯ ನೆಲೆಯಲ್ಲಿ ವಿವರಿಸಿದರು. 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿದ, ಯು.ಪಿ. ಉಪಾಧ್ಯಾಯರ ನಂಜನಗೂಡು ಕನ್ನಡದ ವಿವರಣೆಯ ಶೀರ್ಷಿಕೆಯಲ್ಲಿಯೇ ಒಕ್ಕಲಿಗ ಉಪಭಾಷೆ ಎಂಬ ಸೂಚನೆಯಿದೆ. ಊರು ಮತ್ತು ಜಾತಿ ಎಂಬ ಈ ಎರಡು ಅಂಕಣಗಳು ದಿನನಿತ್ಯದ ಮಾತಿನ ವಿವರಣೆಗೆ ಬಹಳ ಉಪಯುಕ್ತವಾದವು.

ಹಾಡಿಕೆಯ ಪಠ್ಯವನ್ನು ಅದೇ ಅಂಕಣಗಳಲ್ಲಿ ತುಂಬಿದಾಗ ತೊಡಕು ಎದುರಾಗುತ್ತದೆ. ನೀಲಗಾರರ ಕಾವ್ಯವನ್ನು ‘ದಲಿತ ಉಪಭಾಷೆ’ಯ ಮಾದರಿಯೆಂದೂ ದೇವರಗುಡ್ಡರ ಕಾವ್ಯವನ್ನು ‘ಕುರುಬ ಉಪಭಾಷೆ’ಯ ಮಾದರಿಯೆಂದೂ ಎತ್ತಿಕೊಂಡರೆ, ನಾವು ಮಾಡುವುದು ಕೊಲಂಬಿಯ ಸಂಸ್ಥೆ 14000, 15000 ಸಂಖ್ಯೆಗಳಿಂದ ಮಾಡಿದ ಕೆಲಸವನ್ನೇ. ಹಾಡುಗಾರನ ಭಾಷೆ ಅವನ ಮನೆಯ ಮಾತಲ್ಲ. ಪೀಟರ್ ಟ್ರಡ್ಗಿಲ್ 1983ರಲ್ಲಿ ತೋರಿಸಿದಂತೆ, ಬ್ರಿಟನ್ನಿನ ಪಾಪ್ ಮತ್ತು ರಾಕ್ ಗಾಯಕರು ಹಾಡುವಾಗ ಅಮೆರಿಕದ ಉಚ್ಚಾರಣೆಯನ್ನು ಅನುಸರಿಸುತ್ತಿದ್ದರು. ಬೀಟಲ್ಸ್ ತಂಡದ ಹಾಡುಗಳಲ್ಲಿ ಸ್ವರದ ಮುಂದೆ ಬಾರದ ರಕಾರದ ಉಚ್ಚಾರಣೆ 1960ರ ದಶಕದುದ್ದಕ್ಕೂ ಕಡಿಮೆಯಾಗುತ್ತ ಹೋಯಿತು. ಗಾಯಕರ ಹುಟ್ಟೂರು ಬದಲಾಗಿರಲಿಲ್ಲ. ಯಾರಂತೆ ಕೇಳಿಸಬೇಕೆಂಬ ಆಯ್ಕೆ ಬದಲಾಗಿತ್ತು.

ನಮ್ಮ ಸೀಮೆಯಲ್ಲಿ ಇಂಥದೇ ಪರಿಶೀಲನೆಗೆ ಒದಗುವ ಚರವೆಂದರೆ ಪದಾದಿಯ ಹಕಾರ. ಮಂಡ್ಯ, ಮೈಸೂರು ಗ್ರಾಮೀಣ ಮಾತಿನಲ್ಲಿ ‘ಹಲಗೂರು’ ‘ಅಲಗೂರು’ ಆಗುತ್ತದೆ, ‘ಹಾಲು’ ‘ಆಲು’ ಆಗುತ್ತದೆ. ಇದು ಒಂದೇ ಜಾತಿಯ ಲಕ್ಷಣವಲ್ಲ. ಹಲವು ಸಮುದಾಯಗಳು ಹಂಚಿಕೊಂಡ ಪ್ರಾದೇಶಿಕ ಲಕ್ಷಣ. ಒಬ್ಬನೇ ಗಾಯಕನ ಮನೆಯಂಗಳದ ಕಥೆ, ಧ್ವನಿಮುದ್ರಣ ಕೊಠಡಿಯ ಹಾಡು, ವೇದಿಕೆಯ ನಿರೂಪಣೆ ಈ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಹಕಾರವನ್ನು ಎಣಿಸಿದರೆ, ಪಠ್ಯದ ಭಾಷೆ ಗಾಯಕನ ಹುಟ್ಟನ್ನು ಅನುಸರಿಸುತ್ತದೆಯೇ ಅಥವಾ ಕೇಳುಗರನ್ನು ಅನುಸರಿಸುತ್ತದೆಯೇ ಎಂಬುದು ಪರೀಕ್ಷೆಗೆ ಒಳಪಡುತ್ತದೆ. ಮಹಾಕಾವ್ಯದೊಳಗೆ ದೈವ, ಶರಣ, ಪಾಂಚಾಳ, ಒಕ್ಕಲುಮಗಳು ಎಲ್ಲರೂ ಮಾತಾಡುತ್ತಾರೆ. ಗಾಯಕ ಎಲ್ಲರ ದನಿಯನ್ನೂ ಹೊರುತ್ತಾನೆ. ಆಸಿಫ್ ಆಘ ಅವರು ವಿವರಿಸಿರುವಂತೆ, ಮಾತಿನ ಬಗೆಯೊಂದು ಒಂದು ಬಗೆಯ ಜನರ ಗುರುತಾಗಿ ಸಮಾಜದಲ್ಲಿ ನೆಲೆಗೊಳ್ಳುವುದು ಚಾರಿತ್ರಿಕ ಪ್ರಕ್ರಿಯೆ. ಅದು ಫಲಿತಾಂಶ, ವಿಶ್ಲೇಷಣೆಯ ಆರಂಭಬಿಂದುವಾಗಿ ಅದನ್ನು ಬಳಸುವಂತಿಲ್ಲ.

7. ಉಪಸಂಹಾರ

ಈ ಚರ್ಚೆಯಿಂದ ಕ್ಷೇತ್ರಕಾರ್ಯ ಕೈಗೊಳ್ಳುವ ಸಂಶೋಧಕರಿಗೆ ಒಂದು ನಿರ್ದಿಷ್ಟ ಸೂಚನೆ ಹೊರಡುತ್ತದೆ. ಮೌಖಿಕ ಪಠ್ಯದ ಧ್ವನಿಮುದ್ರಣವನ್ನು ದಾಖಲಿಸುವಾಗ ‘ಸಮುದಾಯ’ ಎಂಬ ಒಂದೇ ಅಂಕಣದ ಬದಲು ನಾಲ್ಕು ಬೇರೆ ಬೇರೆ ಅಂಕಣಗಳಿರಬೇಕು: ಗಾಯಕರು ಯಾವ ಗುರುಮನೆಯ ದೀಕ್ಷೆ ಪಡೆದವರು, ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ, ಕರೆಸಿದವರು ಅವರನ್ನು ಏನೆಂದು ಕರೆಯುತ್ತಾರೆ, ಹಾಡಿಕೆಗೆ ಯಾವ ಹೆಸರಿದೆ. ಜಾತಿಯನ್ನು ದಾಖಲಿಸುವುದು ಅಗತ್ಯವೆನಿಸಿದಲ್ಲಿ ಅದನ್ನು ಗಾಯಕರ ಒಪ್ಪಿಗೆಯ ಮೇರೆಗೆ ಪ್ರತ್ಯೇಕವಾಗಿ ಬರೆಯಬೇಕು. ಉಳಿದ ನಾಲ್ಕರಿಂದ ಊಹಿಸಕೂಡದು. ಈ ಅಂಕಣಗಳು ಒಂದಕ್ಕೊಂದು ಹೊಂದದಿರುವ ಎಡೆಗಳಲ್ಲಿಯೇ ಚರಿತ್ರೆಯ ಸಾಕ್ಷ್ಯ ಸಿಗುತ್ತದೆ.

ಶಾಸನದ ‘ಗುಡ್ಡ’ ಶಬ್ದವು ಇಂದಿನ ಹಾಡುಗಾರನವರೆಗೆ ಉಳಿದು ಬಂದಿರುವುದು ಒಂದು ಷಷ್ಠೀವಿಭಕ್ತಿಯ ಬಲದಿಂದ. ನಮ್ಮ ದಾಖಲೆಗಳು ಆ ವಿಭಕ್ತಿಯನ್ನು ಕತ್ತರಿಸದಿದ್ದರೆ, ಹಾಡಿದವರು ಯಾರು ಎಂಬ ಪ್ರಶ್ನೆಗೂ ಯಾರ ಹೆಸರಿನಲ್ಲಿ ಹಾಡಿದರು ಎಂಬ ಪ್ರಶ್ನೆಗೂ ಮುಂದಿನ ಓದುಗರಿಗೆ ಬೇರೆ ಬೇರೆ ಉತ್ತರಗಳು ದೊರೆಯುತ್ತವೆ.